ಮಂಜಿನಲ್ಲಿ ಸಾಕ್ಷಿ

ನನ್ನ ತಂಗಿಯ ಮಗ ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಭಾನುವಾರಗಳಂದು ತಪ್ಪದೆ ಫೋನು ಮಾಡುತ್ತಾನೆ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಭಾನುವಾರ, ಸಲಾಮು, ಯೋಗಕ್ಷೇಮ ಎಲ್ಲ ಮುಗಿದ ಮೇಲೂ ಅವನು ಫೋನು ಇಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮೂ, ಯಾರೂ ನೋಡದ ಜಾಗದಲ್ಲಿ, ಯಾರಿಗೂ ನಷ್ಟವಾಗದ ಒಂದು ಸುಳ್ಳನ್ನು ಸ್ನೇಹಿತನಿಗಾಗಿ ಹೇಳಿದರೆ ತಪ್ಪೇ?" ಎಂದು ಕೇಳಿದ.

ಕಥೆ ಬರೆಯುವವನಿಗೆ ಇಂಥ ಪ್ರಶ್ನೆ ಬಂದರೆ ಅವನು ಉತ್ತರ ಹೇಳುವುದಿಲ್ಲ. "ಏನಾಯಿತು ಹೇಳು" ಎನ್ನುತ್ತಾನೆ. ನಾನೂ ಹಾಗೆಯೇ ಅಂದೆ.

ಅವನು ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ನನಗೆ ಕೆಲವು ವಿಷಯಗಳನ್ನು ಮೊದಲು ತಿಳಿದುಕೊಳ್ಳಬೇಕಾಯಿತು. ಓದುಗರಿಗೂ ಅವು ಬೇಕಾಗುತ್ತವೆ.

ಇಂಗ್ಲೆಂಡಿನ ವಾಯವ್ಯದಲ್ಲಿ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರಗಳ ನಾಡಿದೆ. ಅಲ್ಲಿಯ ಬೋಳು ಬೆಟ್ಟಗಳನ್ನು ಜನ 'ಫೆಲ್' ಎನ್ನುತ್ತಾರೆ. ಕೆಸಿಕ್ ಎಂಬ ಪುಟ್ಟ ಪೇಟೆಯಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ ಎಂಬಾತ 1932ರ ಜೂನ್ 13 ಮತ್ತು 14ರಂದು ಒಂದೇ ಸುತ್ತಿನಲ್ಲಿ 42 ಬೆಟ್ಟಗಳ ನೆತ್ತಿ ಮುಟ್ಟಿ, 23 ಗಂಟೆ 39 ನಿಮಿಷಗಳಲ್ಲಿ ಹೊರಟಲ್ಲಿಗೇ ಮರಳಿದ. ದಾರಿಯ ಉದ್ದ ಸುಮಾರು 106 ಕಿಲೋಮೀಟರು. ಏರಿದ ಎತ್ತರವನ್ನೆಲ್ಲ ಕೂಡಿಸಿದರೆ ಸುಮಾರು 8,200 ಮೀಟರು, ಅಂದರೆ ಎವರೆಸ್ಟಿಗಿಂತ ಸ್ವಲ್ಪವೇ ಕಡಿಮೆ. ಮುಂದಿನ 28 ವರ್ಷ ಯಾರೂ ಅದನ್ನು 24 ಗಂಟೆಯೊಳಗೆ ಮಾಡಿ ತೋರಿಸಲಿಲ್ಲ. 1960ರಲ್ಲಿ ಅಲನ್ ಹೀಟನ್ ಮಾಡಿದ. 1971ರಲ್ಲಿ ಒಂದು ಕ್ಲಬ್ಬು ಹುಟ್ಟಿತು. ಇದುವರೆಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಆ ಸುತ್ತನ್ನು ಮುಗಿಸಿ ಕ್ಲಬ್ಬಿನ ಪಟ್ಟಿಯಲ್ಲಿ ಸೇರಿದ್ದಾರೆ.

ಇದು ಸ್ಪರ್ಧೆಯಲ್ಲ. ಹಣದ ಬಹುಮಾನವಿಲ್ಲ, ಪ್ರೇಕ್ಷಕರ ಗ್ಯಾಲರಿಯಿಲ್ಲ. ಇಷ್ಟಪಟ್ಟ ದಿನ ಹೊರಡಬಹುದು. ಹೊರಡುವುದೂ ಮುಗಿಸುವುದೂ ಕೆಸಿಕ್ ಪೇಟೆಯ ನಡುವಿನ ಮೂಟ್ ಹಾಲ್ ಎಂಬ ಕಟ್ಟಡದ ಬಾಗಿಲಲ್ಲಿ. ಒಂದು ಕಟ್ಟುನಿಟ್ಟು ಮಾತ್ರ ಇದೆ. 42 ನೆತ್ತಿಗಳಲ್ಲಿ ಪ್ರತಿಯೊಂದರಲ್ಲೂ ಓಟಗಾರನ ಜೊತೆ ಒಬ್ಬ ಸಾಕ್ಷಿ ಇರಬೇಕು. ಒಬ್ಬನೇ ಸುತ್ತಿ ಬಂದರೆ ಆ ಓಟವೇನೂ ಸುಳ್ಳಾಗುವುದಿಲ್ಲ. ಆದರೆ ಕ್ಲಬ್ಬಿನ ಪಟ್ಟಿಯಲ್ಲಿ ಅವನ ಹೆಸರು ಬರುವುದಿಲ್ಲ.

ಆದ್ದರಿಂದ ಪ್ರತಿ ಓಟಗಾರನ ಸುತ್ತ ಹತ್ತಾರು ಜನ ಬೇಕಾಗುತ್ತಾರೆ. ಸುತ್ತಿನಲ್ಲಿ ಐದು ಹಂತಗಳಿವೆ. ಮಧ್ಯೆ ನಾಲ್ಕು ಕಡೆ, ಥ್ರೆಲ್ಕೆಲ್ಡ್, ಡನ್‌ಮೇಲ್ ರೇಸ್, ವಾಸ್ಡೇಲ್ ಮತ್ತು ಹೊನಿಸ್ಟರ್‌ಗಳಲ್ಲಿ, ದಾರಿ ರಸ್ತೆಗೆ ಇಳಿಯುತ್ತದೆ. ಅಲ್ಲಿ ಸ್ನೇಹಿತರು ಕಾರಿನಲ್ಲಿ ಬಿಸಿ ಸೂಪು, ಚಹಾ, ಒಣಗಿದ ಕಾಲುಚೀಲ ಇಟ್ಟುಕೊಂಡು ಕಾಯುತ್ತಾರೆ. ಹಂತಹಂತಕ್ಕೂ ಹೊಸ ಜೊತೆಗಾರರು ಓಡಲು ಸೇರಿಕೊಳ್ಳುತ್ತಾರೆ. ಒಬ್ಬ ದಾರಿ ನೋಡುತ್ತಾನೆ, ಒಬ್ಬ ನೀರು, ಆಹಾರ ಹೊರುತ್ತಾನೆ, ಒಬ್ಬ ಪ್ರತಿ ನೆತ್ತಿಯ ಸಮಯವನ್ನು ಕಾರ್ಡಿನ ಮೇಲೆ ಬರೆಯುತ್ತಾನೆ. ಇವರಿಗೆ ಸಿಗುವುದು ಏನೂ ಇಲ್ಲ. ಹಿಂದೆ ತಮಗೆ ಯಾರೋ ಹೀಗೆ ಬಂದಿದ್ದರು, ಅಥವಾ ಮುಂದೆ ಯಾರೋ ಬರುತ್ತಾರೆ. ಸಾಲ ಕೊಟ್ಟವನಿಗೇ ಅದನ್ನು ತೀರಿಸಬೇಕೆಂಬ ನಿಯಮ ಇಲ್ಲಿಲ್ಲ. ಮುಂದೆ ಬರುವವನಿಗೆ ತೀರಿಸಿದರೆ ಸಾಕು. ಬಾಬ್ ಗ್ರಹಾಂನ ಜೊತೆಗೂ ಗೆಳೆಯರು ಹಂತಹಂತವಾಗಿ ನಡೆದಿದ್ದರು. ಸುತ್ತಿಗೆ ಉಳಿದದ್ದು ಅವನೊಬ್ಬನ ಹೆಸರು.

ಈ ಔದಾರ್ಯದ ಒಂದು ಉದಾಹರಣೆಯನ್ನು ಹೇಳಲೇಬೇಕು. ಬಾರೋಡೇಲ್ ಕಣಿವೆಯ ಬಿಲ್ಲಿ ಬ್ಲಾಂಡ್ 1982ರಲ್ಲಿ ಈ ಸುತ್ತನ್ನು 13 ಗಂಟೆ 53 ನಿಮಿಷಗಳಲ್ಲಿ ಮುಗಿಸಿದ. ಆ ದಾಖಲೆ 36 ವರ್ಷ ಉಳಿಯಿತು. 2018ರಲ್ಲಿ ಸ್ಪೇನಿನ ಕಿಲಿಯನ್ ಜೋರ್ನೆ ಬಂದು 12 ಗಂಟೆ 52 ನಿಮಿಷಗಳಲ್ಲಿ ಮುಗಿಸಿದಾಗ, ಅವನಿಗೆ ದಾರಿ ತೋರಿಸುತ್ತ ಓಡಿದವರು ಅಲ್ಲಿಯ ಸ್ಥಳೀಯ ಓಟಗಾರರೇ. ಮೂಟ್ ಹಾಲ್‌ನ ಮೆಟ್ಟಿಲ ಬಳಿ ಅವನನ್ನು ಅಭಿನಂದಿಸಲು ನಿಂತವರಲ್ಲಿ ದಾಖಲೆ ಕಳೆದುಕೊಂಡ ಬಿಲ್ಲಿ ಬ್ಲಾಂಡ್ ಕೂಡ ಇದ್ದ.

ನನ್ನ ಅಳಿಯ ಅಂಥ ಒಂದು ಸುತ್ತಿಗೆ ಸಹಾಯಕನಾಗಿ ಹೋಗಿದ್ದ. ಓಡುತ್ತಿದ್ದವನು ಅವನ ಸಹೋದ್ಯೋಗಿ, ಐವತ್ತರ ಹತ್ತಿರದವನು. ಅದು ಆತನ ಎರಡನೆಯ ಪ್ರಯತ್ನ. ಹೊರಟದ್ದು ಶುಕ್ರವಾರ ರಾತ್ರಿ ಒಂಬತ್ತಕ್ಕೆ. ನನ್ನ ಅಳಿಯ ಸೇರಿಕೊಂಡದ್ದು ಥ್ರೆಲ್ಕೆಲ್ಡ್‌ನಲ್ಲಿ, ನಡುರಾತ್ರಿ ಕಳೆದು ಒಂದು ಗಂಟೆಗೆ. ಎರಡನೆಯ ಹಂತದಲ್ಲಿ 12 ನೆತ್ತಿಗಳು. ದಾರಿ ನೋಡಲು ಒಬ್ಬ ಹಿರಿಯರಿದ್ದರು. ಆ ಬೆಟ್ಟಗಳಲ್ಲಿಯೇ ವಯಸ್ಸಾದವರು. ನನ್ನ ಅಳಿಯನ ಕೈಯಲ್ಲಿ ಆಹಾರದ ಚೀಲ, ಕಾರ್ಡು ಮತ್ತು ಪೆನ್ಸಿಲು.

ಅಟ್ಲಾಂಟಿಕ್ ಸಾಗರದ ತೇವ ಹೊತ್ತ ಗಾಳಿ ಮೊದಲು ಬಂದು ಡಿಕ್ಕಿ ಹೊಡೆಯುವ ಬೆಟ್ಟಗಳಲ್ಲಿ ಇವೂ ಸೇರಿವೆ. ಇಂಗ್ಲೆಂಡಿನಲ್ಲಿ ಜನ ವಾಸವಿರುವ ಜಾಗಗಳ ಪೈಕಿ ಅತಿ ಹೆಚ್ಚು ಮಳೆ ಬೀಳುವುದೆಂದು ಹೆಸರಾದ ಸೀತ್‌ವೇಟ್ ಇರುವುದು ಈ ಪ್ರದೇಶದಲ್ಲೇ. ಕಣಿವೆಯಲ್ಲಿ ರಾತ್ರಿ ತಿಳಿಯಾಗಿದ್ದರೂ ಮೇಲೆ ಮೋಡ ಕುಳಿತಿರಬಹುದು. ಅದಕ್ಕೆ ಅಲ್ಲಿಯವರ ಮಾತು 'ಕ್ಲ್ಯಾಗ್'. ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ಹನಿಗಳಿಗೆ ಬಡಿದು ಕಣ್ಣಿಗೇ ವಾಪಸು ಬರುತ್ತದೆ, ಬೆಳಕೇ ಗೋಡೆಯಾಗುತ್ತದೆ. ಅನುಭವಿಗಳು ಟಾರ್ಚನ್ನು ಬಿಚ್ಚಿ ಸೊಂಟದ ಎತ್ತರದಲ್ಲಿ ಹಿಡಿಯುತ್ತಾರೆ. ಆಗ ಕಾಲಿನ ಮುಂದಿನ ನಾಲ್ಕು ಹೆಜ್ಜೆ ಹುಲ್ಲಾದರೂ ಕಾಣುತ್ತದೆ. ಆಮೇಲೆ ದಿಕ್ಸೂಚಿ ನೋಡಿ, ಹೆಜ್ಜೆ ಎಣಿಸಿ ನಡೆಯುವುದು. ನಿಂತು ಯೋಚಿಸಲು ಹೆಚ್ಚು ಹೊತ್ತಿಲ್ಲ. ನಿಂತರೆ ಬೆವರು ತಣ್ಣಗಾಗುತ್ತದೆ, ಗಾಳಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ.

ಆ ಹಂತದಲ್ಲಿ ಗ್ರೇಟ್ ಡಾಡ್, ವಾಟ್ಸನ್ಸ್ ಡಾಡ್, ಸ್ಟೈಬರೋ ಡಾಡ್ ಎಂಬ ಮೂರು ಬೆಟ್ಟಗಳು ಒಂದರ ನಂತರ ಒಂದು ಬರುತ್ತವೆ. ಬಂಡೆಯ ಶಿಖರಗಳಲ್ಲ, ಹುಲ್ಲು ಹೊದ್ದ, ದುಂಡನೆಯ ಬೆನ್ನುಗಳು. ಹಗಲಿನಲ್ಲಿ ಬಲು ಸುಲಭ, ಮಂಜಿನಲ್ಲಿ ಬಲು ಕಷ್ಟ. ಅದರಲ್ಲೂ ನಡುವಿನ ವಾಟ್ಸನ್ಸ್ ಡಾಡ್‌ನ ನೆತ್ತಿ ಕಾಲುದಾರಿಯ ಮೇಲಿಲ್ಲ. ಪಶ್ಚಿಮಕ್ಕೆ ಸರಿದು, ಕಣಿವೆಯ ಅಂಚಿನ ಹತ್ತಿರವಿದೆ. ದಾರಿ ಹಿಡಿದು ಸುಮ್ಮನೆ ಹೋದವನಿಗೆ ಅದು ಸಿಗುವುದೇ ಇಲ್ಲ.

ಮೂವರೂ ಮಂಜಿನಲ್ಲಿ ಹೋಗುತ್ತಿದ್ದಾಗ ಒಂದು ಸಣ್ಣ ಕಲ್ಲುಗುಪ್ಪೆ ಎದುರಾಯಿತು. ಓಟಗಾರ ಅದನ್ನು ಮುಟ್ಟಿದ. ನನ್ನ ಅಳಿಯ ಗಡಿಯಾರ ನೋಡಿ ಕಾರ್ಡಿನಲ್ಲಿ 2.31 ಎಂದು ಬರೆದ. ಮುಂದೆ ಹೊರಟರು. ಸ್ವಲ್ಪ ದೂರ ಹೋಗಿರಬೇಕು, ನೆಲ ಏರತೊಡಗಿತು. ಹಿರಿಯರು ನಿಂತುಬಿಟ್ಟರು. ಕಲ್ಲುಗುಪ್ಪೆ ಎಣಿಕೆಗಿಂತ ಬೇಗ ಸಿಕ್ಕಿತ್ತು, ಅಲ್ಲಿ ಅಂಚಿನಿಂದ ಮೇಲೆ ಬರುವ ಗಾಳಿ ಇರಲಿಲ್ಲ, ಈಗ ಕಾಲ ಕೆಳಗಿನ ಏರು ಸ್ಟೈಬರೋದ್ದು. "ಅದು ನೆತ್ತಿಯಲ್ಲ. ಯಾರೋ ದಾರಿಗೆಂದು ಪೇರಿಸಿದ ಕಲ್ಲು. ವಾಪಸು ಹೋಗಬೇಕು" ಎಂದರು.

ಓಟಗಾರನ ಮುಖ ಕಾಣುತ್ತಿರಲಿಲ್ಲವಂತೆ, ದನಿ ಮಾತ್ರ ಕೇಳಿಸಿತು. ಆತ ಜಗಳವಾಡಲಿಲ್ಲ. ಬಹಳ ಮೆಲ್ಲಗೆ, "ಕಾರ್ಡಿನಲ್ಲಿ ಬರೆದಾಗಿದೆಯಲ್ಲ" ಎಂದ.

ನನ್ನ ಅಳಿಯನಿಗೆ ಆ ಮಾತು ಚುಚ್ಚಿದ್ದು ಆತ ಕೆಟ್ಟವನೆಂದಲ್ಲ. ಅದೇ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿಯೂ ಅದೇ ಮಾತಿತ್ತು. ವರ್ಷಗಟ್ಟಲೆ ತಯಾರಿ ಮಾಡಿದ ಮನುಷ್ಯ. ತಪ್ಪಿದ್ದು ನೂರಿನ್ನೂರು ಹೆಜ್ಜೆ. ಏರಬೇಕಾದ್ದನ್ನು ಹೆಚ್ಚುಕಡಿಮೆ ಎಲ್ಲ ಏರಿಯೇ ಬಂದಿದ್ದಾನೆ. ಕ್ಲಬ್ಬು ಕೇಳುವುದು ಸಾಕ್ಷಿಯನ್ನು, ಸಾಕ್ಷಿ ತಾನೇ. "ಹೂಂ" ಎಂದರೆ ಮುಗಿಯಿತು. ಹಿರಿಯರೂ ಆಗ ಏನೂ ಹೇಳಲಿಲ್ಲ. ಪೆನ್ಸಿಲು ಯಾರ ಕೈಯಲ್ಲಿತ್ತೋ ಅವನ ಕಡೆ ಟಾರ್ಚು ಹಿಡಿದು ನಿಂತರು.

ನನ್ನ ಶಾಲೆಯ ದಿನಗಳು ಎರಡು ಭಾಷೆಗಳ ನಡುವೆ ಹಂಚಿಹೋದವು. ಹಾಗಾಗಿ ಒಂದು ಪದ ಎದುರಾದರೆ ಇನ್ನೊಂದು ಭಾಷೆಯ ಕದವನ್ನೂ ತಟ್ಟಿ ನೋಡುವುದು ಅಭ್ಯಾಸ. ಕನ್ನಡ ಸಂಸ್ಕೃತದಿಂದ ಪಡೆದ 'ಸಾಕ್ಷಿ'ಯಲ್ಲಿ ಅಕ್ಷಿ, ಅಂದರೆ ಕಣ್ಣು ಇದೆ. ಕಣ್ಣಾರೆ ಕಂಡವನು ಸಾಕ್ಷಿ. ಉರ್ದು ಅರಬಿಯಿಂದ ಪಡೆದ 'ಶಾಹಿದ್' ಎಂಬುದರ ಮೂಲದಲ್ಲಿ ಹಾಜರಿರುವುದು ಎಂಬ ಅರ್ಥವೂ ಇದೆ. ಅಲ್ಲಿ ಇದ್ದವನು ಶಾಹಿದ್. ಬೆಳಕಿರುವ ಹೊತ್ತಿನಲ್ಲಿ ಈ ಎರಡು ಪದಗಳಿಗೆ ವ್ಯತ್ಯಾಸವೇ ಇಲ್ಲ. ಇದ್ದವನು ಕಾಣುತ್ತಾನೆ, ಕಂಡವನು ಇದ್ದಿರುತ್ತಾನೆ. ಮಂಜು ಇವೆರಡನ್ನೂ ಬೇರೆ ಮಾಡುತ್ತದೆ. ನನ್ನ ಅಳಿಯ ಅಲ್ಲಿ ಇದ್ದ, ಆದರೆ ಕಾಣಲಿಲ್ಲ. ಇದ್ದೆ ಎಂಬ ನಿಜದ ಬಲದಿಂದ ಕಂಡೆ ಎಂದು ಬರೆದುಬಿಟ್ಟಿದ್ದ. ಅಲ್ಲಿಯವರೆಗೆ ಅದು ತಪ್ಪು ಮಾತ್ರ. ತಿಳಿದ ಮೇಲೂ ಅಳಿಸದಿದ್ದರೆ ಅದು ಸುಳ್ಳು. ತಪ್ಪಿಗೂ ಸುಳ್ಳಿಗೂ ನಡುವಿನ ಗಡಿ ಬಹಳ ಸಲ ಇಷ್ಟೇ ಅಗಲವಿರುತ್ತದೆ, ಒಂದು ಪೆನ್ಸಿಲಿನ ಗೆರೆಯಷ್ಟು.

ಯಾರಿಗೆ ನಷ್ಟ ಎಂದು ಅವನು ಕೇಳಿದ್ದನಲ್ಲ, ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದು ನ್ಯಾಯಾಲಯವಲ್ಲ, ಜೈಲಿಗೆ ಹೋಗುವ ನಿರಪರಾಧಿಯಿಲ್ಲ. ಬಹುಮಾನ ತಪ್ಪಿಹೋಗುವ ಎರಡನೆಯವನೂ ಇಲ್ಲ. ಆದರೂ ಆ ಪಟ್ಟಿಯ ಬೆಲೆಯೆಲ್ಲ ನಿಂತಿರುವುದು ಒಂದೇ ಒಂದು ಕಂಬದ ಮೇಲೆ: ಯಾರೂ ಕಾಣದ ಜಾಗದಲ್ಲಿ ಇಬ್ಬರು ಮನುಷ್ಯರು ಆಡಿದ ಮಾತನ್ನು ನಂಬುವುದು. ಈಗ ಉಪಗ್ರಹ ನೋಡಿ ದಾರಿ ಹೇಳುವ ಕೈಗಡಿಯಾರಗಳು ಬಂದಿವೆ. ಆದರೂ ಕ್ಲಬ್ಬು ಕೇಳುವುದು ಜೊತೆಗಿದ್ದ ಮನುಷ್ಯನನ್ನು. ಮಂಜಿನಲ್ಲಿ ಹಿಂದಿರುಗಿ ಹೋಗಿ ನಿಜವಾದ ಕಲ್ಲನ್ನು ಹುಡುಕಿ ಮುಟ್ಟಿದವರು, ಹುಡುಕಲಾಗದೆ ಸೋತು ಇಳಿದವರು, ಇವರೆಲ್ಲರ ದಣಿವಿಗೆ ಆ ನಂಬಿಕೆಯೇ ಗೌರವ. ಒಂದು ಸುಳ್ಳು ಆ ಕಂಬವನ್ನು ಬೀಳಿಸುವುದಿಲ್ಲ. ಗೆದ್ದಲೂ ಒಂದೇ ದಿನದಲ್ಲಿ ಬೀಳಿಸುವುದಿಲ್ಲ.

ಅದಕ್ಕಿಂತ ಹತ್ತಿರದ ಕಾರಣ ಇನ್ನೊಂದಿದೆ. ಸಹಾಯಕ ತನ್ನಲ್ಲಿರುವುದನ್ನು ಕೊಡಬಹುದು. ನಿದ್ದೆ ಕೊಡಬಹುದು, ಬೆನ್ನು ಕೊಡಬಹುದು, ತನ್ನ ಪಾಲಿನ ರೊಟ್ಟಿ, ತನ್ನ ಟಾರ್ಚಿನ ಬೆಳಕು, ತನ್ನ ಒಣ ಕೈಗವುಸು ಕೊಡಬಹುದು. ಬೆಟ್ಟದ ನೆತ್ತಿ ಅವನದಲ್ಲ. ಅದನ್ನು ದಾನ ಮಾಡಲು ಅವನಿಗೆ ಹಕ್ಕಿಲ್ಲ. ಸ್ನೇಹದ ಹೆಸರಿನಲ್ಲಿ ನಾವು ಕೊಡುವ ಎಷ್ಟೋ ಉಡುಗೊರೆಗಳು ಇಂಥವು, ನಮ್ಮದಲ್ಲದ್ದನ್ನು ಕೊಡುವುದು. ಪರೀಕ್ಷೆಯಲ್ಲಿ ಉತ್ತರ ತೋರಿಸುವ ಗೆಳೆಯ, ನೋಡದ ಕೆಲಸಕ್ಕೆ ಸಹಿ ಹಾಕುವ ಸಹೋದ್ಯೋಗಿ, ಓದದ ಪುಸ್ತಕಕ್ಕೆ ಮುನ್ನುಡಿಯಲ್ಲಿ ಹೊಗಳಿಕೆ ಬರೆಯುವ ನಮ್ಮಂಥ ಬರಹಗಾರರು. ಪಡೆದವನು ಅದನ್ನು ಮನೆಗೆ ಒಯ್ದು ಬಚ್ಚಿಡಬೇಕಾಗುತ್ತದೆ. ಆ ಓಟಗಾರ ಮೂಟ್ ಹಾಲ್‌ನ ಬಾಗಿಲು ಮುಟ್ಟಿದ್ದರೂ, ಯಾರಾದರೂ "ನಲವತ್ತೆರಡೂ?" ಎಂದು ಕೇಳಿದಾಗಲೆಲ್ಲ ಒಂದು ಕ್ಷಣ ತಡೆದು ಉತ್ತರಿಸಬೇಕಿತ್ತು. ಅಂಥ ಒಂದು ಕ್ಷಣವನ್ನು ಸ್ನೇಹಿತನಿಗೆ ಜೀವನವಿಡೀ ಕಟ್ಟಿಕೊಡುವುದು ಉಪಕಾರವೇ?

ಹಾಗೆಂದು ಸಹಾಯಕ ಹೇಳುವುದೆಲ್ಲ ತೂಕ ಹಾಕಿದ ನಿಜವಾಗಿರಬೇಕು ಎಂದು ನಾನು ಹೇಳಲಾರೆ. "ಇನ್ನು ಸ್ವಲ್ಪವೇ", "ಚೆನ್ನಾಗಿಯೇ ಓಡುತ್ತಿದ್ದೀಯಲ್ಲ" ಎಂಬ ಮಾತುಗಳಿಲ್ಲದೆ ಯಾವ ಸುತ್ತೂ ಮುಗಿಯದು. ಕಾಯಿಲೆಯ ಮಗುವಿಗೆ ತಾಯಿ "ನಾಳೆ ಹುಷಾರಾಗ್ತೀಯ" ಎನ್ನುತ್ತಾಳೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಅದು ಹಾರೈಕೆ. ಕೇಳುವವನಿಗೂ ಅದು ಹಾರೈಕೆ ಎಂದು ಗೊತ್ತಿರುತ್ತದೆ. ಹಾರೈಕೆಯ ಮಾತು ಮನುಷ್ಯನನ್ನು ಕುರಿತದ್ದು, ಸಾಕ್ಷಿಯ ಮಾತು ನೆಲವನ್ನು ಕುರಿತದ್ದು. ನೀನು ಗಟ್ಟಿಗ ಎಂದು ಹೇಳಿ ಒಬ್ಬನನ್ನು ಗಟ್ಟಿ ಮಾಡಬಹುದು. ಇದು ನೆತ್ತಿ ಎಂದು ಹೇಳಿ ನೆಲವನ್ನು ಎತ್ತರ ಮಾಡಲಾಗದು. ಮಂಜಿನಲ್ಲಂತೂ ಹಾಗೆ ಹೇಳುವವನನ್ನು ಹಿಂಬಾಲಿಸಿದವನು ಮುಂದಿನ ಅಂಚಿನಲ್ಲಿ ಕಾಲಿಡುತ್ತಾನೆ.

ನನ್ನ ಅಳಿಯ ಬರೆದದ್ದನ್ನು ಹೊಡೆದುಹಾಕಿದ. ಮೂವರೂ ಹಿಂದಿರುಗಿದರು. ಪಶ್ಚಿಮಕ್ಕೆ ಹೆಜ್ಜೆ ಎಣಿಸುತ್ತ ಹೋದರು. ಕೆಳಗಿನ ಕಣಿವೆಯ ಗಾಳಿ ಮುಖಕ್ಕೆ ಬಡಿಯಿತು, ಕಲ್ಲು ಸಿಕ್ಕಿತು. ಆಗ 2.45. ಕಳೆದುಕೊಂಡದ್ದು 14 ನಿಮಿಷ.

ಬೆಳಗಾಗುವ ಹೊತ್ತಿಗೆ ಅವರು ಡನ್‌ಮೇಲ್ ರೇಸ್‌ಗೆ ಇಳಿದರು. ಅಲ್ಲಿಂದ ಓಟಗಾರ ಬೇರೆ ಜೊತೆಗಾರರೊಂದಿಗೆ ಹೋದ. ನನ್ನ ಅಳಿಯ ಕಾರಿನಲ್ಲಿ ಬೆಟ್ಟಗಳನ್ನೆಲ್ಲ ಬಳಸಿಕೊಂಡು ವಾಸ್ಡೇಲ್ ಸೇರಿ ಕಾದ. ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್, 978 ಮೀಟರು, ಆ ಹಂತದಲ್ಲಿದೆ. ಅಲ್ಲಿಂದ ಪಕ್ಕದ ಸ್ಕಾಫೆಲ್‌ಗೆ ಹೋಗುವ ನೇರ ದಾರಿಯಲ್ಲಿ ಬ್ರಾಡ್ ಸ್ಟ್ಯಾಂಡ್ ಎಂಬ ಬಂಡೆ ಅಡ್ಡ ಇದೆ. ಒದ್ದೆಯಾದರೆ ಅಪಾಯ. ಅವರು ಅದನ್ನು ಬಿಟ್ಟು ಕೆಳಗಿಳಿದು ಫಾಕ್ಸಸ್ ಟಾರ್ನ್ ಕಡೆಯಿಂದ ಬಳಸಿ ಹತ್ತಿದರು. ವಾಸ್ಡೇಲ್‌ಗೆ ಬಂದಾಗ ಒಂದೂವರೆ ಗಂಟೆ ತಡವಾಗಿತ್ತು.

ಅಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದ ಹೆಂಗಸು ಅನುಭವಸ್ಥೆ. ಓಟಗಾರ ನಡುಗುತ್ತಿದ್ದ, ಆದರೆ "ಹೋಗುತ್ತೇನೆ, ಹೋಗಬಲ್ಲೆ" ಎನ್ನುತ್ತಿದ್ದ. ಆಕೆ ಸೂಪು ಕೊಡುವ ಮೊದಲು, "ನಿನ್ನ ಜಾಕೆಟ್ಟಿನ ಜಿಪ್ಪು ತೆಗೆ" ಎಂದಳು. ಅವನ ಬೆರಳುಗಳಿಗೆ ಅದು ಸಾಧ್ಯವಾಗಲಿಲ್ಲ. ಮೈ ತಣ್ಣಗಾಗುತ್ತ ಹೋದಾಗ ಮೊದಲು ಕೈಬಿಡುವುದು ಬೆರಳುಗಳು, ಆಮೇಲೆ ವಿವೇಚನೆ. ವಿವೇಚನೆ ಹೋದದ್ದು ಹೋದವನಿಗೇ ತಿಳಿಯುವುದಿಲ್ಲ. ಮುಂದಿನ ಏರು ಯೂಬರೋ, ರಸ್ತೆಯಿಂದಲೇ ಗೋಡೆಯಂತೆ ಎದ್ದದ್ದು, ಅದರ ಮೇಲೂ ಮಂಜು. "ಇವತ್ತಿಗೆ ಸಾಕು" ಎಂದಳು ಆಕೆ. ಅವನು ಕೋಪಗೊಂಡ, ಅತ್ತ, ಕೊನೆಗೆ ಕಾರಿನಲ್ಲಿ ಕಂಬಳಿ ಹೊದ್ದು ಕುಳಿತ.

ಇಲ್ಲಿಯೂ ಅದೇ ಪ್ರಶ್ನೆ ಬೇರೆ ವೇಷದಲ್ಲಿ ನಿಂತಿದೆ. ಅವನ ಇಚ್ಛೆಗೆ ವಿರುದ್ಧ ನಿಲ್ಲಲು ಆಕೆಗೆ ಏನು ಅಧಿಕಾರ? ಅಧಿಕಾರ ಆಕೆ ತೆಗೆದುಕೊಂಡದ್ದಲ್ಲ, ಅವನೇ ಕೊಟ್ಟದ್ದು ಎಂದು ನನಗನ್ನಿಸುತ್ತದೆ. ನಾನು ದಣಿದಾಗ ನೀವು ನನ್ನ ಜೊತೆಗಿರಿ ಎಂದು ಕೇಳಿಕೊಳ್ಳುವವನು, ನನಗೆ ಕಾಣದಾದಾಗ ನೀವು ನನ್ನ ಪರವಾಗಿ ಕಾಣಿರಿ ಎಂದೂ ಕೇಳಿಕೊಂಡಿರುತ್ತಾನೆ. ಉತ್ಸಾಹದ ದಿನದ ಅವನಿಗೂ ನಡುಗುವ ಹೊತ್ತಿನ ಅವನಿಗೂ ಜಗಳವಾದರೆ, ಸಹಾಯಕ ಮೊದಲಿನವನ ಮಾತನ್ನು ಉಳಿಸಬೇಕಾಗುತ್ತದೆ. ಆ ಹೊತ್ತಿಗೆ ಬೈಗುಳ ತಿನ್ನುವುದೂ ಅವನ ಕೆಲಸದ ಭಾಗವೇ.

ಈ ಘಟನೆಯನ್ನು ಕಥೆಯಾಗಿ ಬರೆಯಬೇಕೆಂದು ಬಹಳ ಸಲ ಕುಳಿತೆ. ಪ್ರತಿ ಸಲವೂ ನನ್ನ ಪೆನ್ನು ಒಂದೇ ಕಡೆ ಎಳೆಯುತ್ತಿತ್ತು. ಒಂದು ಕರಡಿನಲ್ಲಿ ಅವನು 23 ಗಂಟೆ 50 ನಿಮಿಷಕ್ಕೆ ಬಂದು ಬಾಗಿಲು ಮುಟ್ಟಿದ, ಸತ್ಯಕ್ಕೆ ಜಯ. ಇನ್ನೊಂದರಲ್ಲಿ ಆ 14 ನಿಮಿಷಗಳಿಂದಲೇ ಸೋತ. ಸತ್ಯಕ್ಕೆ ತ್ಯಾಗದ ಕಿರೀಟ. ಎರಡೂ ಓದಲು ಚೆನ್ನಾಗಿದ್ದವು, ಎರಡನ್ನೂ ಹರಿದುಹಾಕಿದೆ. ನಡೆದದ್ದು ಹಾಗಲ್ಲ. 14 ನಿಮಿಷ ಅವನನ್ನು ಸೋಲಿಸಲಿಲ್ಲ, ಗೆಲ್ಲಿಸಲೂ ಇಲ್ಲ. ಅಳಿಸಿ ಬರೆದದ್ದಕ್ಕೆ ಬೆಟ್ಟ ಬಹುಮಾನವನ್ನೂ ಕೊಡಲಿಲ್ಲ, ದಂಡವನ್ನೂ ಹಾಕಲಿಲ್ಲ. ನಮ್ಮ ಬಹುಪಾಲು ಪ್ರಾಮಾಣಿಕತೆಗಳು ಹೀಗೆಯೇ ಯಾವ ಫಲವನ್ನೂ ಕಾಣದೆ ಕಳೆದುಹೋಗುತ್ತವೆ. ಫಲ ಸಿಕ್ಕ ಕೆಲವು ಮಾತ್ರ ಕಥೆಗಳಾಗುತ್ತವೆ. ಅದರಿಂದಾಗಿ ಫಲವಿರಲೇಬೇಕೆಂದು ನಾವು ನಿರೀಕ್ಷಿಸುತ್ತೇವೆ, ಸಿಗದಿದ್ದಾಗ ಮೋಸ ಹೋದಂತೆ ಬೇಸರಪಡುತ್ತೇವೆ. ಕಥೆಗಾರನಾಗಿ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮರುವರ್ಷ ಆ ಓಟಗಾರ ಬೇರೊಬ್ಬಳ ಸುತ್ತಿಗೆ ಸಹಾಯಕನಾಗಿ ಬಂದಿದ್ದನಂತೆ. ಕೇಳಿಕೊಂಡು ಎರಡನೆಯ ಹಂತವನ್ನೇ ತೆಗೆದುಕೊಂಡ. ಆ ರಾತ್ರಿ ಆಕಾಶ ನಿರ್ಮಲವಾಗಿತ್ತು, ವಾಟ್ಸನ್ಸ್ ಡಾಡ್‌ನ ಕಲ್ಲು ದೂರದಿಂದಲೇ ಕಾಣುತ್ತಿತ್ತು. ಆದರೂ ಅವನು ತಾನು ಮೊದಲು ಹೋಗಿ ಕಲ್ಲಿನ ಮೇಲೆ ಕೈಯಿಟ್ಟು, ಆಕೆ ಬಂದು ಮುಟ್ಟುವವರೆಗೂ ಹಾಗೆಯೇ ನಿಂತಿದ್ದ ಎಂದು ನನ್ನ ಅಳಿಯ ಹೇಳಿದ.

ಹಳೆಯ ಕಾರ್ಡು ಈಗಲೂ ಅವನ ಬಳಿ ಇದೆ. ಮುಗಿಯದ ಸುತ್ತಿನ ಕಾರ್ಡು ಯಾರಿಗೂ ಬೇಕಾಗಿರಲಿಲ್ಲ. ನನ್ನ ಕೋರಿಕೆಯ ಮೇರೆಗೆ ಅದರ ಫೋಟೋ ತೆಗೆದು ಕಳಿಸಿದ. ಮಳೆಗೆ ಉಬ್ಬಿದ ಕಾಗದ. ವಾಟ್ಸನ್ಸ್ ಡಾಡ್ ಎಂಬ ಹೆಸರಿನ ಮುಂದೆ 2.31 ಎಂದಿದೆ, ಅದರ ಮೇಲೆ ಒಂದು ಗೆರೆ, ಪಕ್ಕದಲ್ಲಿ 2.45. ಯಾರಾದರೂ ಸಾಕ್ಷಿ ಎಂದರೆ ಏನು ಎಂದು ನನ್ನನ್ನು ಕೇಳಿದರೆ ಆ ಗೆರೆಯನ್ನು ತೋರಿಸುತ್ತೇನೆ.